ಆಡದೇ ಸೋತ ಪಂದ್ಯ

ಇಪ್ಪತ್ತು–ಸೊನ್ನೆ.

ಬಾಸ್ಕೆಟ್‌ಬಾಲಿನಲ್ಲಿ ಒಂದು ತಂಡ ಅಂಕಣಕ್ಕೆ ಇಳಿಯದೇ ಹೋದರೆ ಸ್ಕೋರ್ ಹೀಗೆ ಬರೆಯುತ್ತಾರೆ. ಎದುರಾಳಿಗೆ ಇಪ್ಪತ್ತು, ನಿಮಗೆ ಸೊನ್ನೆ. ಒಬ್ಬರೂ ಓಡಿಲ್ಲ, ಒಬ್ಬರೂ ಬೆವರಿಲ್ಲ, ಬಾಲ್ ಒಮ್ಮೆಯೂ ನೆಲಕ್ಕೆ ಬಡಿದಿಲ್ಲ. ಆದರೂ ಸೋಲು ಸೋಲೇ. ಕೆಲವು ವಾರಗಳ ಹಿಂದೆ ಒಂದು ಶನಿವಾರ ಬೆಳಿಗ್ಗೆ, ಇಲ್ಲೇ ಮಲೇಷ್ಯಾದ ಮೆಲಾಕಾದಲ್ಲಿ, ಆ ಸ್ಕೋರಿನ ಕೆಳಗೆ ಸಹಿ ಹಾಕಿದವಳು ನಾನು. ಟೀಮ್ ಮ್ಯಾನೇಜರ್ ಎಂದು ಬರೆದಿದ್ದ ಜಾಗದಲ್ಲಿ.

(ಆಡುವ ಜಾಗಕ್ಕೂ ಅಂಕಣ ಅನ್ನುತ್ತಾರೆ, ನಾನು ವಾರ ವಾರ ಬರೆಯುವ ಇದಕ್ಕೂ ಅಂಕಣ ಅನ್ನುತ್ತಾರೆ. ಎರಡರಲ್ಲಿ ಒಂದು ಮಾತ್ರ ನನಗೆ ಸ್ವಲ್ಪ ಗೊತ್ತಿತ್ತು.)

ಮ್ಯಾನೇಜರ್ ಆದದ್ದು ಹೇಗೆ? ನಾನು ಇಲ್ಲಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುವವಳು ಎಂದು ಹಳೆಯ ಓದುಗರಿಗೆ ಗೊತ್ತು. ಎರಡು ವರ್ಷದ ಹಿಂದೆ ನಮ್ಮ ಹುಡುಗಿಯರು ಕಾಲೇಜಿನ ಮೊಟ್ಟಮೊದಲ ಬಾಸ್ಕೆಟ್‌ಬಾಲ್ ತಂಡ ಕಟ್ಟಿದರು. ಹುಡುಗಿಯರ ತಂಡದ ಜೊತೆ ಒಬ್ಬ ಲೇಡಿ ಸ್ಟಾಫ್ ಇರಲೇಬೇಕೆಂದು ನಿಯಮ. ಮೀಟಿಂಗಿನಲ್ಲಿ ಡೀನ್ "ಯಾರು ಹೋಗ್ತೀರಿ?" ಎಂದು ಕೇಳಿದಾಗ ಎಲ್ಲರೂ ತಮ್ಮ ತಮ್ಮ ಫೈಲು ನೋಡಿಕೊಂಡರು. ನಾನು ತಲೆ ಎತ್ತಿದೆ. ಅಷ್ಟೇ ನನ್ನ ಅರ್ಹತೆ.

ನಾನು ಉಡುಪಿಯ ಶಾಲೆಯಲ್ಲಿ ಥ್ರೋಬಾಲ್ ಆಡಿದವಳು. ಬಂದ ಬಾಲನ್ನು ಹಿಡಿ, ತಕ್ಷಣ ಎಸೆ, ಮುಗಿಯಿತು. ಇಲ್ಲಿ ಹಾಗಲ್ಲ. ಬಾಲ್ ಹಿಡಿದು ಹೆಜ್ಜೆ ಹಾಕಿದರೆ ತಪ್ಪು, ಬಡಿದು ನಿಲ್ಲಿಸಿ ಮತ್ತೆ ಬಡಿದರೆ ತಪ್ಪು, ಎದುರಿನವಳ ಕೈಗೆ ಕೈ ತಾಗಿದರೆ ತಪ್ಪು. ಮೊದಲ ದಿನ ಅರ್ಧ ಗಂಟೆ ನೋಡಿ, ಇದರಲ್ಲಿ ಸರಿ ಯಾವುದು ಎಂದು ಕೋಚ್ ಲಿಮ್ ಅವರನ್ನು ಕೇಳಿದೆ. ಲಿಮ್ ಶಾಲೆಯೊಂದರಲ್ಲಿ ಪಿ.ಟಿ. ಮಾಸ್ತರರಾಗಿ ರಿಟೈರ್ ಆದವರು, ಬಹಳ ಕಡಿಮೆ ಮಾತಿನ ಮನುಷ್ಯ. "ಬಾಸ್ಕೆಟ್ ಒಳಗೆ ಹೋದರೆ ಸರಿ ಲಾ, ಡಾಕ್ಟರ್" ಎಂದರು, ಇಲ್ಲಿಯವರು ಮಾತಿನ ಕೊನೆಗೆ ಹಾಕುವ 'ಲಾ' ಸೇರಿಸಿ.

ಅದೇ ನಮ್ಮ ತಂಡಕ್ಕೆ ಬರದಿದ್ದ ಕೆಲಸ.

ಕ್ಯಾಪ್ಟನ್ ಹೆಸರು ಹುಯಿ ಮಿನ್. ಇಪೋ ಊರಿನವಳು. ತಂಡ ಬೇಕೆಂದು ಡೀನ್ ಆಫೀಸಿಗೆ ನಾಲ್ಕು ಸಲ ಅರ್ಜಿ ಹಿಡಿದುಕೊಂಡು ಹೋದವಳು ಅವಳೇ. ಆಗ ಮೂರನೇ ವರ್ಷದಲ್ಲಿದ್ದಳು. ಹನ್ನೆರಡು ಜನರನ್ನು ಸೇರಿಸಿದಳು. ಅವರಲ್ಲಿ ಎಲ್ಲರಿಗಿಂತ ಎತ್ತರದವಳು, ಎಲ್ಲರಿಗಿಂತ ಚಿಕ್ಕವಳು, ಫಸ್ಟ್ ಇಯರಿನ ಜೋಯ್ಲಿನ್. ಹೆಸರು ಕೇಳಿದ ಕೂಡಲೇ ನಾನು "ಊರು ಎಲ್ಲಿ?" ಅಂತ ಕನ್ನಡದಲ್ಲೇ ಕೇಳಿದ್ದೆ. ಹುಡುಗಿ ನಕ್ಕು, "ಮ್ಯಾಂಗಲೋರ್, ಮ್ಯಾಮ್. ಬಟ್ ಐ ಗ್ರೂ ಅಪ್ ಇನ್ ಕ್ಲಾಂಗ್" ಅಂದಳು. ಅಪ್ಪನಿಗೆ ಕ್ಲಾಂಗ್ ಬಂದರಿನಲ್ಲಿ ಶಿಪ್ಪಿಂಗ್ ಆಫೀಸಿನ ಕೆಲಸ. ಮನೆಯಲ್ಲಿ ಕೊಂಕಣಿ, ಅಮ್ಮನ ಬಾಯಲ್ಲಿ ಕನ್ನಡ, ಮಗಳಿಗೆ ಎರಡೂ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಇಲ್ಲಿ ಬೆಳೆದ ನಮ್ಮ ಮಕ್ಕಳೆಲ್ಲ ಹಾಗೇ.

ಮೊದಲ ಸೀಸನ್ನಿನಲ್ಲಿ ಎರಡು ಪಂದ್ಯ ಆಡಿದೆವು, ಎರಡೂ ಸೋತೆವು. ಮೂರನೆಯದಕ್ಕೆ ಮೊದಲು ದೇಶವೇ ಬಾಗಿಲು ಹಾಕಿಕೊಂಡಿತು.

ಆಮೇಲಿನ ಎರಡು ವರ್ಷ ನಿಮಗೆ ನಾನು ಹೇಳಬೇಕಾಗಿಲ್ಲ. ನೀವೂ ಎಲ್ಲೋ ಒಂದು ಕೋಣೆಯಲ್ಲಿ ಕೂತೇ ಕಳೆದಿದ್ದೀರಿ. ಹುಯಿ ಮಿನ್ ಬಿಡಲಿಲ್ಲ. ವಾರಕ್ಕೆರಡು ದಿನ ಸಂಜೆ ಆನ್‌ಲೈನ್ ಪ್ರಾಕ್ಟೀಸ್. ಕೋಚ್ ಲಿಮ್ ತಮ್ಮ ಮನೆಯ ಹಾಲಿನಲ್ಲಿ ನಿಂತು ಖಾಲಿ ಕೈ ತೋರಿಸುತ್ತಿದ್ದರು. ಹುಡುಗಿಯರು ತಮ್ಮ ತಮ್ಮ ಮನೆಯಲ್ಲಿ ಖಾಲಿ ಕೈ ಎತ್ತುತ್ತಿದ್ದರು. ಬಾಲ್ ಬಡಿದರೆ ಕೆಳಗಿನ ಮನೆಯವರು ಗಾರ್ಡ್‌ಗೆ ಫೋನ್ ಮಾಡುತ್ತಾರೆಂದು ಜೋಯ್ಲಿನ್ ಕಾಲುಚೀಲಗಳನ್ನು ಉಂಡೆ ಕಟ್ಟಿ ಲಾಂಡ್ರಿ ಬುಟ್ಟಿಗೆ ಎಸೆಯುತ್ತಿದ್ದಳು. ಹನ್ನೆರಡು ಚೌಕಗಳಿದ್ದ ಸ್ಕ್ರೀನಿನಲ್ಲಿ ತಿಂಗಳು ತಿಂಗಳಿಗೆ ಚೌಕಗಳು ಕಡಿಮೆಯಾದವು. ಒಬ್ಬಳು ಕೋರ್ಸೇ ಬಿಟ್ಟಳು. ಒಬ್ಬಳ ಅಪ್ಪ ತೀರಿಕೊಂಡರು, ಅವಳು ಮತ್ತೆ ಕ್ಯಾಮೆರಾ ಆನ್ ಮಾಡಲಿಲ್ಲ. ಯಾಕೆ ಎಂದು ನಾವು ಯಾರೂ ಕೇಳಲಿಲ್ಲ.

ನಮ್ಮ ಕಾಲೇಜಿನ ಹಾಲ್ ಅಷ್ಟು ಹೊತ್ತಿಗೆ ಲಸಿಕೆ ಕೇಂದ್ರವಾಗಿತ್ತು. ಲಸಿಕೆಯವರು ಖಾಲಿ ಮಾಡಿ ಹೋದ ಮೇಲೆ ಬಾಗಿಲು ತೆಗೆದು ನೋಡಿದರೆ ನೆಲದ ತುಂಬ ಟೇಪಿನ ಗುರುತು. ಕುರ್ಚಿ ಇಡುವ ಜಾಗಕ್ಕೆ ಒಂದು ಅಡ್ಡಗೆರೆ, ಕ್ಯೂಗೆ ಬಾಣ, ನಿಲ್ಲುವಲ್ಲಿ ಪಾದದ ಚಿತ್ರ. ಬಾಸ್ಕೆಟ್‌ಬಾಲಿನ ಗೆರೆ ಯಾವುದು, ಲಸಿಕೆಯ ಗೆರೆ ಯಾವುದು ಗೊತ್ತಾಗುತ್ತಿರಲಿಲ್ಲ. ಬಾಲುಗಳು ಸ್ಟೋರ್ ರೂಮಿನ ತೇವಕ್ಕೆ ಅಂಟಂಟಾಗಿದ್ದವು. ಹುಡುಗಿಯರು ಎರಡು ದಿನ ಮಂಡಿಯೂರಿ ಕೂತು ಟೇಪು ಕಿತ್ತರು. ಎಂಟು ಜನ ಉಳಿದಿದ್ದರು.

ಈ ವರ್ಷ ಮತ್ತೆ ಲೀಗ್ ಶುರುವಾಯಿತು. ಆರು ಕಾಲೇಜು. ಒಂದೊಂದು ತಂಡಕ್ಕೆ ಐದು ಪಂದ್ಯ, ಶನಿವಾರಕ್ಕೊಂದು. ಪ್ರೇಕ್ಷಕರಿಲ್ಲ. ಪಂದ್ಯದ ದಿನ ಬೆಳಿಗ್ಗೆ ಪ್ರತಿಯೊಬ್ಬಳೂ ಉಗುಳಿನ ಟೆಸ್ಟ್ ಮಾಡಿಕೊಂಡು ಫೋಟೊ ತೆಗೆದು ತಂಡದ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಬೇಕು. ಎಲ್ಲರದ್ದೂ ನೆಗೆಟಿವ್ ಎಂದು ಮ್ಯಾನೇಜರ್ ಬರೆದುಕೊಡಬೇಕು. ಡೀನ್ ನನ್ನನ್ನು ಕರೆದು ಇನ್ನೊಂದು ಮಾತೂ ಹೇಳಿದ್ದರು. "ಡಾಕ್ಟರ್, ಈ ಸೀಸನ್ ನೋಡೋಣ. ಒಂದಾದರೂ ಗೆದ್ದರೆ ಮುಂದುವರಿಸೋಣ. ಇಲ್ಲದಿದ್ದರೆ ಆ ಹಾಲ್ ಬೇರೆ ಕೆಲಸಕ್ಕೂ ಬೇಕು."

ಇದನ್ನು ಹುಯಿ ಮಿನ್‌ಗೆ ಹೇಳಿದೆ. ಹೇಳಬಾರದಿತ್ತೋ ಏನೋ.

ಮೊದಲ ಪಂದ್ಯ 61–18. ಹುಡುಗಿಯರು ಹತ್ತು ನಿಮಿಷಕ್ಕೆ ಏದುಸಿರು ಬಿಡುತ್ತಿದ್ದರು. ಎಂಟರಲ್ಲಿ ಐದು ಜನಕ್ಕೆ ಒಂದಲ್ಲ ಒಂದು ಸಲ ಕೋವಿಡ್ ಬಂದು ಹೋಗಿತ್ತು. ಪ್ರೇಕ್ಷಕರಿಲ್ಲದ ಹಾಲ್ ಹೇಗಿರುತ್ತದೆ ನೋಡಿದ್ದೀರಾ? ಶೂ ಉಜ್ಜುವ ಸದ್ದು ಕೇಳುತ್ತದೆ, ಕೆಮ್ಮು ಕೇಳುತ್ತದೆ, ಯಾರೋ ಅಳು ನುಂಗಿಕೊಂಡದ್ದೂ ಕೇಳುತ್ತದೆ. ಮಾಸ್ಕ್ ತೆಗೆಯುವಂತಿಲ್ಲವಾದ್ದರಿಂದ ಕೋಚ್ ಲಿಮ್ ಸೀಟಿ ಊದುವಂತಿರಲಿಲ್ಲ. ಚಪ್ಪಾಳೆ ತಟ್ಟಿ ಕರೆಯುತ್ತಿದ್ದರು. ಖಾಲಿ ಹಾಲಿನಲ್ಲಿ ಒಬ್ಬರೇ ಚಪ್ಪಾಳೆ ತಟ್ಟುವುದನ್ನು ಕೇಳುವುದು ಕಷ್ಟ.

ಪಂದ್ಯ ಮುಗಿದ ಮೇಲೆ ಅವರು ಹೇಳಿದ್ದು ಒಂದೇ ಮಾತು. "ಹದಿನೆಂಟು ಓಕೆ ಲಾ. ನಾನು ಹತ್ತು ಅಂದುಕೊಂಡಿದ್ದೆ."

ಎರಡನೆಯದೂ ಸೋತೆವು. ಮೂರನೆಯದೂ ಸೋತೆವು. ಇಬ್ಬರಿಗೆ ಬೇರೆ ಊರಿನ ಆಸ್ಪತ್ರೆಗೆ ಪೋಸ್ಟಿಂಗ್ ಆಯಿತು. ಆರು ಜನ ಉಳಿದರು. ಆದರೂ ನಾಲ್ಕನೇ ಪಂದ್ಯದಲ್ಲಿ ಏನೋ ಆಯಿತು. ಜೋಯ್ಲಿನ್ ಎಸೆದದ್ದೆಲ್ಲ ಒಳಗೆ ಹೋಗತೊಡಗಿತು. ಕೊನೆಯ ನಿಮಿಷದವರೆಗೂ ನಾವು ಮುಂದಿದ್ದೆವು. ಮೂರು ಪಾಯಿಂಟಿನಲ್ಲಿ ಸೋತೆವು. ಆ ದಿನ ಮೊದಲ ಬಾರಿ ಹುಡುಗಿಯರು ಸೋತು ನಕ್ಕರು. ಹತ್ತಿರದ ಮಮಕ್ ಅಂಗಡಿಯಿಂದ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಿಂದ, ಪರೋಟದಂಥ ರೊಟ್ಟಿ ಚನಾಯ್ ತಪಾವ್ (ಪಾರ್ಸೆಲ್) ಮಾಡಿಸಿ, ಪಾರ್ಕಿಂಗಿನಲ್ಲಿ ದೂರ ದೂರ ನಿಂತು ತಿಂದರು. ನಾನೂ ತಿಂದೆ.

ಐದನೆಯದು ಕೊನೆಯ ಪಂದ್ಯ. ಎದುರಾಳಿ ಒಂದು ನರ್ಸಿಂಗ್ ಕಾಲೇಜು. ಅವರೂ ನಾಲ್ಕಕ್ಕೆ ನಾಲ್ಕೂ ಸೋತವರು. ಅಂದರೆ ಅರ್ಥವಾಯಿತಲ್ಲ, ಇದು ನಾವು ಗೆಲ್ಲಬಹುದಾದ ಪಂದ್ಯ. ಹುಯಿ ಮಿನ್‌ಗೆ ಫೈನಲ್ ಇಯರ್. ಇದಾದ ಮೇಲೆ ಪರೀಕ್ಷೆ, ಅದಾದ ಮೇಲೆ ಆಸ್ಪತ್ರೆಯಲ್ಲಿ ಇಂಟರ್ನ್ ಕೆಲಸ, ಇಲ್ಲಿಯವರ ಮಾತಿನಲ್ಲಿ ಹೌಸ್‌ಮನ್‌ಶಿಪ್. ಇನ್ನೊಂದು ಪಂದ್ಯ ಅವಳಿಗಿಲ್ಲ. ಅಪ್ಪ ಅಮ್ಮ ಬಂದು ನೋಡುವಂತಿಲ್ಲ ಎಂದು, "ಮ್ಯಾಮ್, ನೀವು ವಿಡಿಯೊ ಕಾಲ್ ಹಿಡಿದು ನಿಲ್ತೀರಾ?" ಅಂತ ಕೇಳಿದಳು. ಯಾಕೆ ನಿಲ್ಲಬಾರದು? ನಿಲ್ಲುತ್ತೇನೆ ಅಂದೆ.

ಒಬ್ಬಳಿಗೆ ಆ ಶನಿವಾರ ವಾರ್ಡ್ ಡ್ಯೂಟಿ ಬಿತ್ತು. ಉಳಿದವರು ಸರಿಯಾಗಿ ಐದು. ಬಾಸ್ಕೆಟ್‌ಬಾಲ್ ಶುರು ಮಾಡಲು ಐದು ಜನ ಬೇಕು. ನಾಲ್ಕಾದರೆ ಆಟವೇ ಇಲ್ಲ.

ಇನ್ನು ಆ ಬೆಳಿಗ್ಗೆ.

ಏಳೂ ಇಪ್ಪತ್ತಕ್ಕೆ ಗ್ರೂಪಿನಲ್ಲಿ ನಾಲ್ಕು ಫೋಟೊ ಬಂದಿದ್ದವು. ನಾಲ್ಕರಲ್ಲೂ ಒಂದೇ ಗೆರೆ. ನಾನು ಹಲ್ಲುಜ್ಜುತ್ತಾ ನೋಡುತ್ತಿದ್ದೆ. ಐದನೆಯದು ಜೋಯ್ಲಿನ್‌ಳದು. ಮೇಲೆ ಗಾಢವಾದ ಗೆರೆ. ಅದರ ಕೆಳಗೆ, ಇದೆಯೋ ಇಲ್ಲವೋ ಎಂಬಂತೆ, ಇನ್ನೊಂದು. ಫೋಟೊದ ಅಡಿಯಲ್ಲಿ ಅವಳ ಪ್ರಶ್ನೆ: "ಈಸ್ ದಿಸ್ ಎ ಲೈನ್?"

ನನ್ನ ಮನಸ್ಸಿಗೆ ಬಂದ ಮೊದಲ ಮಾತು ಯಾವುದು ಗೊತ್ತೇ? ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಸೋಂಕಿನ ಪಾಠ ಮಾಡಿದವಳ ಮನಸ್ಸಿಗೆ? ಇದನ್ನು ಗ್ರೂಪಿಗೆ ಯಾಕೆ ಹಾಕಿದೆ, ಮಾರಾಯ್ತಿ?

ಹೌದು, ಅದೇ. ಸುಳ್ಳು ಬರೆದು ಏನು ಪ್ರಯೋಜನ?

ಫೋಟೊ ದೊಡ್ಡದು ಮಾಡಿದೆ. ಕಿಟಕಿಯ ಹತ್ತಿರ ಹೋಗಿ ನೋಡಿದೆ, ನೆರಳಿನಲ್ಲಿ ಹಿಡಿದು ನೋಡಿದೆ. ಒಂದು ಕೋನದಲ್ಲಿ ಗೆರೆ ಮಾಯವಾದರೆ ಸಾಕು ಎಂದು ಫೋನನ್ನೇ ಓರೆ ಮಾಡಿದೆ. ಗಂಡ ಕಾಫಿ ಕುಡಿಯುತ್ತಿದ್ದರು. ಅವರು ಧಾರವಾಡದವರು, ಲೆಕ್ಕಾಚಾರದ ಮಾತು ಆಡಿ ಗೊತ್ತಿಲ್ಲ. "ಇಲ್ಲಿ ಗೆರೆ ಕಾಣ್ತದಾ ನಿಮಗೆ?" ಅಂತ ಕೇಳಿದೆ.

ಅವರು ಫೋನ್ ನೋಡಲಿಲ್ಲ, ನನ್ನ ಮುಖ ನೋಡಿದರು. "ನಿನಗ ಕಾಣಾಕತ್ತೈತಿ. ಮತ್ತ ನನಗ ಯಾಕ ಕೇಳ್ತಿ?"

ಅಷ್ಟರಲ್ಲಿ ಗ್ರೂಪಿನಲ್ಲಿ ಮಾತು ಶುರುವಾಗಿತ್ತು. "ಶ್ಯಾಡೋ ಲಾ ದಟ್." "ಟೆಸ್ಟ್ ಅಗೇನ್." "ಅದನ್ನು ಡಿಲೀಟ್ ಮಾಡು ಮೊದಲು." ಏಳೂ ಐವತ್ತಕ್ಕೆ ಜೋಯ್ಲಿನ್ ಎರಡನೇ ಫೋಟೊ ಹಾಕಿದಳು. ಹೊಸ ಕಿಟ್. ಒಂದೇ ಗೆರೆ. ಕೆಳಗೆ ಬಿಳಿ, ಶುದ್ಧ ಬಿಳಿ. ಗ್ರೂಪಿನ ತುಂಬ ಚಪ್ಪಾಳೆ, ಹೃದಯ, ಕುಣಿಯುವ ಬೊಂಬೆ. ಹುಯಿ ಮಿನ್ ಬರೆದಳು: "ಓಕೆ, ಸೀ ಯು ಆಲ್ ಅಟ್ ದ ಹಾಲ್."

ಇಲ್ಲಿಗೆ ಬಿಟ್ಟುಬಿಡಬಹುದಿತ್ತು. ಎರಡನೆಯ ಫೋಟೊ ಕಳಿಸಿದ್ದರೆ ಆಯೋಜಕರು ಏನೂ ಕೇಳುತ್ತಿರಲಿಲ್ಲ. ಆದರೆ ಒಂದು ಸಲ ಗೆರೆ ಬಂದರೆ, ಪಿಸಿಆರ್ ಆಗುವವರೆಗೆ ಅದನ್ನು ಪಾಸಿಟಿವ್ ಅಂತಲೇ ನೋಡಬೇಕು ಎಂದು ತರಗತಿಯಲ್ಲಿ ಹೇಳಿದವಳು ನಾನೇ. ಜೋಯ್ಲಿನ್‌ಗೆ ಫೋನ್ ಮಾಡಿದೆ.

"ಗಂಟಲು ಕೆರೆತ ಉಂಟಾ?"

"ನೋ, ಮ್ಯಾಮ್."

"ಜ್ವರ? ಮೈಕೈ ನೋವು?"

"ನೋ." ಆಮೇಲೆ ಕೇಳದೇ ಇದ್ದದ್ದನ್ನೂ ಹೇಳಿದಳು. "ರೂಮ್‌ಮೇಟ್ ಈಸ್ ಕಫಿಂಗ್, ಮ್ಯಾಮ್. ಸಿನ್ಸ್ ಥರ್ಸ್‌ಡೇ."

ನಾನು ಕಣ್ಣು ಮುಚ್ಚಿಕೊಂಡೆ.

"ಕ್ಯಾನ್ ಐ ಪ್ಲೇ?"

"ಬೇಡ ಮಗಾ. ರೂಮಲ್ಲೇ ಇರು. ಮಧ್ಯಾಹ್ನ ಪಿಸಿಆರ್‌ಗೆ ಕಳಿಸ್ತೇನೆ."

"ಓಕೆ, ಮ್ಯಾಮ್" ಅಂದಳು. ಫೋನ್ ಇಟ್ಟಳು.

ಆಮೇಲೆ ಗ್ರೂಪಿಗೆ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದೆ. ಆ ಸಾಲನ್ನು ನಾನು ಈಗಲೂ ದಿನಕ್ಕೊಮ್ಮೆ ನೆನೆಯುತ್ತೇನೆ. "ಜೋಯ್ಲಿನ್ ಇವತ್ತು ಆಡುತ್ತಿಲ್ಲ."

ನೋಡಿ, ವ್ಯಾಕರಣದಲ್ಲಿ ಏನೂ ತಪ್ಪಿಲ್ಲ. ಆದರೆ ಓದಿದವರಿಗೆ ಏನು ಅನಿಸುತ್ತದೆ? ಆಡದೇ ಇರುವವಳು ಜೋಯ್ಲಿನ್. ತೀರ್ಮಾನ ಜೋಯ್ಲಿನ್‌ಳದು. ಆಡಬೇಡ ಎಂದವಳು ನಾನು ಎಂಬುದು ಆ ಸಾಲಿನಲ್ಲಿ ಎಲ್ಲೂ ಇಲ್ಲ. ಬೇಕೆಂದೇ ಹಾಗೆ ಬರೆದೆನಾ? ಅವಸರದಲ್ಲಿ ಬರೆದೆ ಅಂತ ನನಗೆ ನಾನೇ ಹೇಳಿಕೊಂಡಿದ್ದೇನೆ. ಪೂರ್ತಿ ನಂಬಿಕೆ ಬಂದಿಲ್ಲ.

ಹಾಲಿಗೆ ಹೋದೆವು. ನಾಲ್ಕು ಹುಡುಗಿಯರು, ಕೋಚ್ ಲಿಮ್, ನಾನು. ನಾಲ್ವರೂ ಜರ್ಸಿ ಹಾಕಿಕೊಂಡೇ ಬಂದಿದ್ದರು. ಪಂದ್ಯ ಮುಂದಕ್ಕೆ ಹಾಕಿ ಎಂದು ಆಯೋಜಕರನ್ನು ಕೇಳಿದೆ. ಲೀಗ್ ಇವತ್ತಿಗೆ ಮುಗಿಯಿತು, ದಿನ ಇಲ್ಲ ಅಂದರು. ನಾಲ್ಕು ಜನರಲ್ಲೇ ಆಡಿಸಿ ಎಂದು ಕೋಚ್ ಕೇಳಿದರು. ನಿಯಮ ಇಲ್ಲ ಅಂದರು. ಕೋಚ್ ಲಿಮ್ ಎರಡನೆಯ ಸಲ ಯಾರನ್ನಾದರೂ ಏನನ್ನಾದರೂ ಕೇಳಿದ್ದನ್ನು ನಾನು ಆ ದಿನವೇ ನೋಡಿದ್ದು. ಮತ್ತೆ ಕೇಳಿದರು. ಮತ್ತೆ ಇಲ್ಲ ಅಂದರು. ಹದಿನೈದು ನಿಮಿಷ ಕಾಯುವ ನಿಯಮವಿದೆ. ಕಾದೆವು. ಯಾರಿಗಾಗಿ ಎಂದು ಯಾರಿಗೂ ಗೊತ್ತಿರಲಿಲ್ಲ.

ಆ ಹದಿನೈದು ನಿಮಿಷದಲ್ಲಿ ನನ್ನ ಕೈಯಲ್ಲಿದ್ದ ಹುಯಿ ಮಿನ್‌ಳ ಫೋನ್ ರಿಂಗಾಯಿತು. ವಿಡಿಯೊ ಕಾಲ್. ತೆಗೆದೆ. ಇಪೋದಲ್ಲಿ ಅವಳ ಅಪ್ಪ ಅಮ್ಮ ಸೋಫಾದ ಮೇಲೆ ಪಕ್ಕಪಕ್ಕ ಕೂತಿದ್ದರು. ಅಪ್ಪ ತಲೆ ಬಾಚಿಕೊಂಡು, ನಮ್ಮ ಕಾಲೇಜಿನ ಬಣ್ಣದ ಟೀ ಶರ್ಟ್ ಹಾಕಿಕೊಂಡಿದ್ದರು. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. "ಸ್ಟಾರ್ಟ್ ಆಯಿತಾ?" ಎಂಬಂತೆ ಹೆಬ್ಬೆರಳು ಎತ್ತಿ ತೋರಿಸಿದರು. ನಾನು ಏನು ಮಾಡಲಿ? ಫೋನನ್ನು ಹುಯಿ ಮಿನ್ ಕೈಗೆ ಕೊಟ್ಟೆ. ಅವಳು ಗೋಡೆಯ ಕಡೆ ತಿರುಗಿ ತಮ್ಮ ಭಾಷೆಯಲ್ಲಿ ಎರಡು ಮಾತು ಆಡಿದಳು. ಭಾಷೆ ಗೊತ್ತಿಲ್ಲದಿದ್ದರೂ ಏನು ಹೇಳಿದಳೆಂದು ಗೊತ್ತಾಯಿತು.

ನರ್ಸಿಂಗ್ ಕಾಲೇಜಿನವರಿಗೆ ಈ ಸೀಸನ್ನಿನ ಮೊದಲ ಗೆಲುವು ಸಿಕ್ಕಿತು. ಅವರಲ್ಲಿ ಯಾರೂ ಕೈ ತಟ್ಟಲಿಲ್ಲ. ಅವರ ಕ್ಯಾಪ್ಟನ್ ದೂರದಿಂದಲೇ ನಮ್ಮ ಹುಡುಗಿಯರ ಕಡೆ ತಲೆ ಬಾಗಿಸಿ ಹೋದಳು.

ಸೋಮವಾರ ಪಿಸಿಆರ್ ರಿಸಲ್ಟ್ ಬಂತು.

ನೆಗೆಟಿವ್.

ಇಂಥದ್ದು ಆಗುತ್ತದೆ. ಯಾವ ಟೆಸ್ಟೂ ದೇವರಲ್ಲ. ಎಷ್ಟೋ ಸಲ ಈ ಮಾತನ್ನು ಬೋರ್ಡಿನ ಮೇಲೆ ಬರೆದು ವಿವರಿಸಿದ್ದೇನೆ. ಆದರೆ ಗ್ರೂಪಿನಲ್ಲಿ ಜೋಯ್ಲಿನ್ "ಪಿಸಿಆರ್ ನೆಗೆಟಿವ್. ಸಾರಿ, ಎವ್ರಿಒನ್" ಎಂದು ಬರೆದಾಗ ಬೋರ್ಡಿನ ಮಾತು ಯಾರಿಗೂ ನೆನಪಾಗಲಿಲ್ಲ. ಎಲ್ಲರೂ ಓದಿದರು. ಅರ್ಧ ಗಂಟೆ ಯಾರೂ ಏನೂ ಬರೆಯಲಿಲ್ಲ. ಆಮೇಲೆ ಒಬ್ಬಳು ಬರೆದಳು: "ಸೋ ವಿ ಲಾಸ್ಟ್ ಫಾರ್ ನಥಿಂಗ್." ಇನ್ನೊಬ್ಬಳು: "ಎರಡನೇ ಟೆಸ್ಟ್ ಮಾಡಿ ಆಮೇಲೆ ಹಾಕಬಹುದಿತ್ತಲ್ಲ?" ಮೂರನೆಯವಳು ಒಂದು ನಗುವ ಮುಖ ಹಾಕಿದಳು. ಅದೇ ಎಲ್ಲಕ್ಕಿಂತ ಕೆಟ್ಟದಾಗಿತ್ತು.

ಹುಯಿ ಮಿನ್ ಏನೂ ಬರೆಯಲಿಲ್ಲ. ಗ್ರೂಪ್ ಬಿಟ್ಟಳು.

ನಾನು? ನಾನು ಟೈಪ್ ಮಾಡಿದೆ. "ತೀರ್ಮಾನ ನನ್ನದು" ಎಂದು ಶುರು ಮಾಡಿದೆ. ಅಳಿಸಿದೆ. ಮಕ್ಕಳ ವಿಷಯ, ಅವರೇ ಸರಿ ಮಾಡಿಕೊಳ್ಳುತ್ತಾರೆ ಅಂದುಕೊಂಡೆ. ಮೀಟಿಂಗ್ ಇತ್ತು, ಹೋದೆ.

ಎರಡು ದಿನ ಬಿಟ್ಟು ಡೀನ್ ಆಫೀಸಿನಿಂದ ಮೇಲ್ ಬಂತು. ಹಾಲ್ ಪರೀಕ್ಷೆಗೆ ಬೇಕಾಗಿದೆ, ತಂಡದ ಚಟುವಟಿಕೆಯನ್ನು ಸದ್ಯಕ್ಕೆ ನಿಲ್ಲಿಸಲಾಗಿದೆ. ಈ 'ಸದ್ಯಕ್ಕೆ' ಎಂಬ ಪದದ ಅರ್ಥ ಆಫೀಸುಗಳಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು. ಕಾರಿಡಾರಿನಲ್ಲಿ ಹುಯಿ ಮಿನ್ ಸಿಕ್ಕಿದಳು. ಕಣ್ಣ ಕೆಳಗೆ ಕಪ್ಪು. ಜೋಯ್ಲಿನ್ ಮೇಲೆ ಸಿಟ್ಟಾ ಎಂದು ಕೇಳಿದೆ.

"ಸಿಟ್ಟಿಲ್ಲ, ಮ್ಯಾಮ್. ಅವಳು ಮಾಡಿದ್ದು ಸರಿ ಅಂತ ಗೊತ್ತು. ಆದರೆ ಅವಳ ಮುಖ ನೋಡೋಕೆ ಆಗ್ತಿಲ್ಲ" ಅಂದಳು ಇಂಗ್ಲಿಷಿನಲ್ಲಿ.

ಆಗಲೂ ನಾನು ಹೇಳಬಹುದಿತ್ತು. ನೋಡದೇ ಇರಬೇಕಾದ ಮುಖ ಇದ್ದರೆ ಅದು ನನ್ನದು ಎಂದು. ಹೇಳಲಿಲ್ಲ. ಅವಳ ಭುಜ ತಟ್ಟಿದೆ. ಚೆನ್ನಾಗಿ ಓದು ಅಂದೆ. (ಮೇಷ್ಟ್ರುಗಳಿಗೆ ಏನೂ ತೋಚದಿದ್ದಾಗ ಬಾಯಿಗೆ ಬರುವ ಮಾತು ಅದೊಂದೇ.)

ಆ ಭಾನುವಾರ ಕ್ಲಾಂಗ್‌ನಿಂದ ಜೋಯ್ಲಿನ್ ಅಮ್ಮ ಫೋನ್ ಮಾಡಿದರು. ಲವೀನಾ ಎಂದು ಅವರ ಹೆಸರು. ಮಂಗಳೂರಿನ ಕನ್ನಡ, ಎರಡು ವರ್ಷದಲ್ಲಿ ನಾಲ್ಕೈದು ಸಲ ಮಾತಾಡಿದ್ದೆವು.

"ಮೇಡಂ, ಡಿಸ್ಟರ್ಬ್ ಮಾಡಿದೆನಾ?"

"ಇಲ್ಲ, ಹೇಳಿ. ಎಂತ ವಿಷಯ?"

"ಮಗಳು ಸರಿ ಊಟ ಮಾಡುವುದಿಲ್ಲ ಅಂತ ಅವಳ ರೂಮ್‌ಮೇಟ್ ಹೇಳಿದ್ಳು. ಮೆಸ್ಸಿಗೆ ಹೋಗುವುದೇ ಇಲ್ವಂತೆ. ಅಲ್ಲಿ ಟೀಮಿನ ಮಕ್ಕಳು ಇರ್ತಾರಲ್ಲ." ಆಮೇಲೆ ಕೇಳಿದರು. "ಅವಳು ಮಾಡಿದ್ದು ತಪ್ಪಾ, ಮೇಡಂ?"

"ಇಲ್ಲ. ತಪ್ಪಲ್ಲ."

"ಅವಳು ಸಣ್ಣದರಿಂದ ಹಾಗೇ. ಟೀಚರ್ ಎರಡು ಮಾರ್ಕ್ ಜಾಸ್ತಿ ಹಾಕಿದರೆ ವಾಪಸ್ ಹೋಗಿ ತೋರಿಸಿ ಬರ್ತಿದ್ಳು. ನಾವು ಅದನ್ನು ಬಂದವರಿಗೆಲ್ಲ ಹೇಳಿ ಹೆಮ್ಮೆ ಪಡ್ತಿದ್ದೆವು. ಈಗ ಮೊನ್ನೆ ಫೋನಲ್ಲಿ ಎಂತ ಹೇಳಿದ್ಳು ಗೊತ್ತುಂಟಾ? 'ಮಮ್ಮಿ, ನೆಕ್ಸ್ಟ್ ಟೈಮ್ ಐ ವಿಲ್ ಕೀಪ್ ಕ್ವಯಟ್.'"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ನಾನು ಎಂತ ಹೇಳಬೇಕಿತ್ತು, ಮೇಡಂ? ಇಲ್ಲ ಮಗಳೇ, ನೆಕ್ಸ್ಟ್ ಟೈಮೂ ಹೇಳು ಅಂತ ಹೇಳಲಿಕ್ಕೆ ನನಗೆ ಬಾಯಿ ಬರಲಿಲ್ಲ. ಅವಳು ಮೂರು ಕೆಜಿ ಇಳಿದಿದ್ದಾಳೆ."

ಮರುದಿನ ಹಾಸ್ಟೆಲಿಗೆ ಹೋದೆ. ಜೋಯ್ಲಿನ್ ಕೆಳಗಿನ ವೆರಾಂಡಾಕ್ಕೆ ಬಂದಳು. ಅಷ್ಟು ಎತ್ತರದ ಹುಡುಗಿ ಬೆನ್ನು ಬಾಗಿಸಿಕೊಂಡು ನಿಂತಿದ್ದಳು. ಹೇಗಿದ್ದೀ, ಊಟ ಆಯ್ತಾ, ಪೋಸ್ಟಿಂಗ್ ಎಲ್ಲಿ ಎಂದೆಲ್ಲ ಕೇಳಿದೆ. ಒಂದೊಂದೇ ಪದದ ಉತ್ತರ. ಕೊನೆಗೆ ಅವಳೇ ಕೇಳಿದಳು.

"ಮ್ಯಾಮ್, ಯು ಸಾ ದ ಲೈನ್ ಆಲ್ಸೋ, ರೈಟ್?"

"ಹೌದು, ಕಂಡಿತ್ತು."

"ಆಡಬೇಡ ಅಂದದ್ದು ನೀವು." ಇದನ್ನು ಕನ್ನಡದಲ್ಲಿ ಹೇಳಿದಳು. ಎರಡು ವರ್ಷದಲ್ಲಿ ಅವಳು ನನ್ನೊಡನೆ ಆಡಿದ ಮೊದಲ ಕನ್ನಡ ವಾಕ್ಯ ಅದು. "ಗ್ರೂಪಲ್ಲಿ ಯಾಕೆ ಹೇಳಲಿಲ್ಲ?"

ಆಪಾದನೆಯ ದನಿಯಲ್ಲ. ಪಾಠದಲ್ಲಿ ಅರ್ಥವಾಗದ್ದನ್ನು ಕೇಳುತ್ತಾರಲ್ಲ, ಹಾಗೆ ಕೇಳಿದಳು. ನಾನು ಮೈಕ್ರೋಬಯಾಲಜಿಯಲ್ಲಿ ಉತ್ತರ ಗೊತ್ತಿಲ್ಲದ ಪ್ರಶ್ನೆಗಳಿಗೆ "ನೋಡಿ ಹೇಳ್ತೇನೆ" ಎಂದು ತಪ್ಪಿಸಿಕೊಂಡವಳು. ಇದಕ್ಕೆ ಅದೂ ಹೇಳುವಂತಿರಲಿಲ್ಲ. "ತಪ್ಪಾಯ್ತು" ಅಂದೆ. ಅವಳು ತಲೆ ಆಡಿಸಿದಳು. ಕ್ಷಮಿಸಿದಳೋ, ಗೊತ್ತಿತ್ತು ಅಂದಳೋ. "ಕ್ಲಾಸಿದೆ, ಮ್ಯಾಮ್" ಎಂದು ಒಳಗೆ ಹೋದಳು.

ಈ ಎರಡು ವರ್ಷದಲ್ಲಿ ನಾವೆಲ್ಲ ಇದನ್ನೇ ಅಲ್ಲವೇ ಮಾಡಿದ್ದು? ನಮ್ಮ ಕಾಂಡೊದಲ್ಲಿ ಎಂಟನೇ ಮಹಡಿಯ ಒಂದು ಕುಟುಂಬ ಮೊದಲ ದಿನವೇ "ನಮಗೆ ಬಂದಿದೆ, ದಯವಿಟ್ಟು ಜಾಗ್ರತೆ" ಎಂದು ಎಲ್ಲರಿಗೂ ತಿಳಿಸಿತು. ಅವರು ಗುಣವಾಗಿ ಎರಡು ತಿಂಗಳಾದರೂ ಜನ ಅವರ ಜೊತೆ ಲಿಫ್ಟ್ ಹತ್ತಲಿಲ್ಲ. ಮೂರನೇ ಮಹಡಿಯವರು ಕೆಮ್ಮುತ್ತಲೇ ತಿರುಗಿದರು, ಯಾರಿಗೂ ಹೇಳಲಿಲ್ಲ. ಅವರಿಗೆ ಎಲ್ಲರದೂ ನಮಸ್ಕಾರ. ಹೇಳಿದವರಿಗೆ ಶಿಕ್ಷೆ, ಮುಚ್ಚಿಟ್ಟವರಿಗೆ ಗುಡ್ ಮಾರ್ನಿಂಗ್. ನಾನೂ ಆಗ ಮೆಟ್ಟಿಲು ಹತ್ತಿದವಳೇ. ವ್ಯಾಯಾಮಕ್ಕೆ ಅಂತ ಹೇಳಿಕೊಂಡಿದ್ದೆ.

ಹಾಸ್ಟೆಲಿನಿಂದ ಬಂದು ಗ್ರೂಪಿನಲ್ಲಿ ಬರೆದೆ. "ಆ ಗೆರೆ ನನಗೂ ಕಂಡಿತ್ತು. ಜೋಯ್ಲಿನ್‌ಗೆ ಆಡಬೇಡ ಎಂದು ಹೇಳಿದವಳು ನಾನು. ಅವಳು ಮಾಡಿದ್ದೆಲ್ಲ ಸರಿ." ಕಳಿಸಿದ ಮೇಲೆ ನೋಡಿದರೆ ಗ್ರೂಪಿನಲ್ಲಿ ಉಳಿದಿದ್ದವರು ಮೂರೇ ಜನ. ವಾರ್ಡ್ ಡ್ಯೂಟಿಯ ಹುಡುಗಿ, ಕೋಚ್ ಲಿಮ್, ನಾನು. ಉಳಿದವರು ಒಬ್ಬೊಬ್ಬರಾಗಿ ಹೋಗಿದ್ದರು. ಜೋಯ್ಲಿನ್ ಎಲ್ಲರಿಗಿಂತ ಕೊನೆಗೆ, ಹಿಂದಿನ ದಿನ. ಕೋಚ್ ಲಿಮ್ ಒಂದು ಹೆಬ್ಬೆರಳು ಎತ್ತಿದರು. ಆಮೇಲೆ ನನಗೊಬ್ಬಳಿಗೇ ಬರೆದರು: "ಟೂ ಲೇಟ್ ಲಾ, ಡಾಕ್ಟರ್." ಹುಯಿ ಮಿನ್‌ಗೂ ಬೇರೆಯಾಗಿ ಕಳಿಸಿದೆ. ಓದಿದ್ದಾಳೆ. ಉತ್ತರ ಬಂದಿಲ್ಲ. ಪರೀಕ್ಷೆ ಇದೆ, ಬರದಿದ್ದರೂ ತಪ್ಪಲ್ಲ.

ತಂಡ ಹೋಯಿತು. ಅದು ದೊಡ್ಡ ವಿಷಯವಲ್ಲ ಎಂದು ನೀವು ಹೇಳಬಹುದು. ಇಷ್ಟು ಜನ ಹೋದ ಕಾಲದಲ್ಲಿ ಒಂದೂ ಪಂದ್ಯ ಗೆಲ್ಲದ ಒಂದು ಬಾಸ್ಕೆಟ್‌ಬಾಲ್ ತಂಡ ಯಾವ ಲೆಕ್ಕ? ಒಪ್ಪುತ್ತೇನೆ. ನನ್ನನ್ನು ಕಾಡುವುದು ಲವೀನಾ ಫೋನಿನಲ್ಲಿ ಹೇಳಿದ ಆ ಒಂದು ಮಾತು. ನೆಕ್ಸ್ಟ್ ಟೈಮ್ ಸುಮ್ಮನಿರುತ್ತೇನೆ.

ಆ ಹುಡುಗಿ ಇನ್ನೆರಡು ವರ್ಷಕ್ಕೆ ಡಾಕ್ಟರ್ ಆಗುತ್ತಾಳೆ. ಯಾವುದೋ ವಾರ್ಡಿನಲ್ಲಿ, ಯಾರದೋ ಹಾಸಿಗೆಯ ಪಕ್ಕದಲ್ಲಿ, ಏನೋ ಒಂದು ತಪ್ಪಾಗಿದೆ ಎಂದು ಅವಳೊಬ್ಬಳಿಗೇ ಗೊತ್ತಾಗುವ ಒಂದು ಬೆಳಿಗ್ಗೆ ಬಂದೇ ಬರುತ್ತದೆ. ಹೇಳಿದರೆ ಎಲ್ಲರೂ ಸಿಟ್ಟಾಗುತ್ತಾರೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಆ ಹಾ‌ಸಿಗೆಯಲ್ಲಿ ಮಲಗಿರುವುದು ನೀವಾದರೆ, ಅವಳು ನಮ್ಮಿಂದ ಕಲಿತದ್ದನ್ನು ಮರೆತಿರಲಿ ಎಂದು ಬೇಡಿಕೊಳ್ಳುವುದಿಲ್ಲವೇ?